ಇಂಡೋನೇಷಿಯಾದ ದಿಢೀರ್ ಶಾವಿಗೆ

ಇಂಡೋನೇಷಿಯಾ ಅನ್ನವನ್ನುಣ್ಣುವ ನಾಡು. ಅಲ್ಲಿಗೆ ಗೋಧಿ ಹೊರದೇಶಗಳಿಂದಲೇ ಬರಬೇಕು. ಆದರೂ ಗೋಧಿಹಿಟ್ಟಿನ ದಿಢೀರ್ ಶಾವಿಗೆ ಇಂದು ಆ ಜನರ ನಿತ್ಯದ ತಿನಿಸುಗಳಲ್ಲೊಂದು. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ರೂಪಿಸಿದ ಈ ಬಗೆಯ ಶಾವಿಗೆ, 1972ರಲ್ಲಿ 'ಇಂಡೋಮಿ' ಎಂಬ ಹೆಸರಿನಿಂದ ಅಲ್ಲಿಯ ಪೇಟೆಗೆ ಬಂದಿತು. ಮುಂದಿನ ದಶಕದಲ್ಲಿ ಅದರ 'ಮೀ ಗೊರೆಂಗ್' ಮನೆಮಾತಾಯಿತು.

'ಮೀ' ಎಂದರೆ ಶಾವಿಗೆ, 'ಗೊರೆಂಗ್' ಎಂದರೆ ಹುರಿದದ್ದು. ಆದರೆ ಮನೆಯಲ್ಲಿ ಇದನ್ನು ಹುರಿಯುವುದಿಲ್ಲ. ಕಾರ್ಖಾನೆಯಲ್ಲಿಯೇ ಎಣ್ಣೆಯಲ್ಲಿ ಕರಿದು ನೀರಿನಂಶವನ್ನು ತೆಗೆದಿರುವುದರಿಂದ 3 ನಿಮಿಷ ಕುದಿಸಿದರೆ ಸಾಕು. ನೀರನ್ನು ಬಸಿದು, ಮಸಾಲೆ ಪುಡಿ, ಎಣ್ಣೆ, ಖಾರ ಹಾಗೂ 'ಕೆಚಾಪ್ ಮಾನಿಸ್' ಎಂಬ ಸಿಹಿಯಾದ ಸೋಯಾ ರಸವನ್ನು ಬೆರೆಸಿ, ಕರಿದ ಈರುಳ್ಳಿಯನ್ನು ಉದುರಿಸಿದರೆ ಸಿದ್ಧವಾಗುತ್ತದೆ.

ಇಷ್ಟರಿಂದಲೇ ಅದು ಊಟವೆನಿಸದು. ಅದರಲ್ಲಿರುವುದು ಬಹುಪಾಲು ಹಿಟ್ಟು, ಎಣ್ಣೆ, ಉಪ್ಪು. 'ವಾರುಂಗ್' ಎಂಬ ಅಲ್ಲಿಯ ಬೀದಿ ಅಂಗಡಿಗಳಲ್ಲಿ ಸಾಸಿವೆ ಜಾತಿಯ ಸೊಪ್ಪು, ಮೆಣಸಿನಕಾಯಿ, ಮೊಟ್ಟೆಗಳನ್ನು ಸೇರಿಸಿಯೇ ಬಡಿಸುತ್ತಾರೆ. ಮೊಟ್ಟೆ ವರ್ಜ್ಯವಾದ ಮನೆಗಳಿಗೆ ಜಾವಾ ದ್ವೀಪದ್ದೇ ಆದ 'ಟೆಂಪೆ' ಉಂಟು. ಬೇಯಿಸಿದ ಸೋಯಾ ಕಾಳನ್ನು ಹುದುಗಿಸಿ ಗಟ್ಟಿಗೊಳಿಸಿದ ಪದಾರ್ಥವಿದು. ದೊರೆಯದಿದ್ದಲ್ಲಿ ಪನೀರು, ಹುರಿದ ಶೇಂಗಾ ಆಗಬಹುದು.

ಕೋಳಿಮಾಂಸದ ಅಂಶವಿರುವ ಬಗೆಗಳೂ ಇರುವುದರಿಂದ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಮಸಾಲೆ ಪುಡಿಯನ್ನು ಅರ್ಧವೇ ಬಳಸಿರಿ. ಮಕ್ಕಳ ತಟ್ಟೆಯಲ್ಲಿ ಶಾವಿಗೆ ಎಷ್ಟಿದೆಯೋ ಅಷ್ಟೇ ತರಕಾರಿಯೂ ಇರಲಿ.