ಮಾಳಿಗೆ ಏರಿದ ಚೌಳು ಮಣ್ಣು

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ನಾನು ಹೋದಾಗ ಎರಡು ಅಂಕಣದ ಪುಟ್ಟ ಮನೆಯೊಂದಕ್ಕೆ ಮಾಳಿಗೆ ಹಾಕುತ್ತಿದ್ದರು. ಓಣಿಗೆ ಓಣಿಯೇ ಅಲ್ಲಿತ್ತು. ಕೆಳಗೆ ಪುಟ್ಟಿ ತುಂಬುವವರು, ಏಣಿಯ ಮೇಲೆ ನಿಂತು ದಾಟಿಸುವವರು, ಮೇಲೆ ಮಣ್ಣು ಹರವಿ ಬಡಿಯುವವರು. ಕೂಲಿಯ ಮಾತಿಲ್ಲ, ಎಲ್ಲ ಮುಯ್ಯಿ: ಇವತ್ತು ಇವರ ಮನೆಗೆ, ನಾಳೆ ನಮ್ಮ ಮನೆಗೆ. ಹೊಟ್ಟೆ ತುಂಬ ರೊಟ್ಟಿ, ಪುಂಡಿಪಲ್ಯ ಮಾತ್ರ ಮನೆಯವರದು.

ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ತೊಗರಿಕಟ್ಟಿಗೆ, ಬೇವಿನ ಸೊಪ್ಪು, ಆಮೇಲೆ ಮಣ್ಣು. ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನನ್ನನ್ನು ಸೆಳೆದದ್ದು ಕಟ್ಟಕಡೆಯ ಪದರ: ಚೌಳು ಮಣ್ಣು.

‘ಇದ್ರಾಗ ಬೆಳಿ ಬರಂಗಿಲ್ರೀ, ಅದಕ್ಕ ಮಾಳಗಿ ಮ್ಯಾಲೆ ಕುಂದ್ರಸ್ತೀವಿ’ ಎಂದರು ಹಿರಿಯರೊಬ್ಬರು. ಹಿಡಿ ಮಣ್ಣು ಕಲಸಿ ಬಟ್ಟಲು ಮಾಡಿ ನೀರು ಹೊಯ್ದರು. ನೀರು ರಾಡಿಯಾಯಿತೇ ಹೊರತು ಇಳಿಯಲಿಲ್ಲ. ಮತ್ತೆ ಮತ್ತೆ ಮಾಡಿಸಿ ನೋಡಿದೆ. ಚೌಳು ಮಣ್ಣಿನ, ಸೋಡಿಯಂ ಹೆಚ್ಚಿರುವ ಜೇಡಿಯ ಕಣಗಳು ನೀರು ತಾಗಿದೊಡನೆ ಒಂದನ್ನೊಂದು ಬಿಟ್ಟು ಚದುರುತ್ತವೆ, ಸಂದುಗಳಿಗೆ ಇಳಿದು ಅವನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಗೋಳಾಡಿಸುವ ಗುಣವೇ ಇಲ್ಲಿ ಮಳೆಯನ್ನು ತಡೆಯುತ್ತದೆ. ಮಾಳಿಗೆಗೆ ಇಳಿಜಾರು ಕೊಟ್ಟು ಕುಂಬಿಯಿಂದ ನೀರು ಹಾಯಿಸಿದರೆ ಸಾಕು. ಮಳೆಗೆ ಕೊಚ್ಚಿಹೋದಷ್ಟನ್ನು ಮುಂದಿನ ಮುಂಗಾರಿಗೆ ಮೊದಲು ತುಂಬಬೇಕು. ಇಷ್ಟು ಸೊಗಸಾದ ತಿಳಿವಳಿಕೆ ಕಟ್ಟಡ ವಿದ್ಯೆಯ ಕಾಲೇಜುಗಳ ಪಾಠದಲ್ಲಿ ಇರಲೇಬೇಕೆಂದು ನನ್ನ ಹಟ.

ಮಣ್ಣಿಗೆ ವಿದ್ವತ್ತಿನ ಮನ್ನಣೆ ಸಿಕ್ಕಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ತುಸು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ, ಸುಡಬೇಕಿಲ್ಲದ ಇಟ್ಟಿಗೆಯನ್ನು ಹದಕ್ಕೆ ತಂದರು. ಕೇರಳದಲ್ಲಿ ಲಾರಿ ಬೇಕರ್ ಸ್ಥಳೀಯ ಸಾಮಗ್ರಿಯಲ್ಲೇ ಬಡವರಿಗೆ ಮನೆ ಕಟ್ಟಿಕೊಟ್ಟರು. ಈಗ ರೆಸಾರ್ಟಿನವರೂ ಮಣ್ಣಿನ ಗೋಡೆ ಎಬ್ಬಿಸುತ್ತಾರೆ. ಅವು ಚೆಂದವೇ, ಆದರೆ ಅಲ್ಲಿ ದುಡಿದವನ ಮನೆಗೆ ಯಾರೂ ಮುಯ್ಯಿ ತೀರಿಸಲು ಹೋಗುವುದಿಲ್ಲ. ಮಣ್ಣು ಬಂದ ಮಾತ್ರಕ್ಕೆ ಮುಯ್ಯಿಯ ಬಾಳ್ವೆಯೂ ಬಂತೆಂದು ನಾನು ಒಪ್ಪಲಾರೆ.

ಹಳ್ಳಿಯಲ್ಲೂ ತಗಡು, ಆರ್‌ಸಿಸಿ ಬರುತ್ತಿವೆ. ಚೌಳು ಮಣ್ಣಿಗೇನೂ ಬರವಿಲ್ಲ, ಬರ ಇರುವುದು ಕೈಗಳಿಗೆ. ಮಕ್ಕಳು ಬೆಂಗಳೂರಿಗೆ, ಮಂಗಳೂರಿಗೆ ದುಡಿಯಲು ಹೋದ ಮನೆಯವರು ಮುಯ್ಯಿ ಕೇಳಲು ಹಿಂಜರಿಯುತ್ತಾರೆ, ತೀರಿಸಲು ಆಳಿಲ್ಲವೆಂದು. ಆ ದಿನ ಮಾಳಿಗೆ ಬಡಿದವರು ಅಂಥ ಒಬ್ಬ ಮುದುಕಿಯ ಮನೆಗೂ ಮಣ್ಣು ಹಾಕುವುದೆಂದು ಊಟಕ್ಕೆ ಕೂತಲ್ಲೇ ತೀರ್ಮಾನಿಸಿದರು. ಆಕೆ ಬೇಡವೆಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.