ಚೆಲ್ಲು, ಎರಚು, ಹರಡು

ಇಂಗ್ಲಿಷ್ ಪಾಠದಲ್ಲಿ ‘ಸ್ಟ್ರೂ’ ಎಂಬ ಕ್ರಿಯಾಪದವಾಗಲಿ, ಅದರಿಂದಾದ ‘ಸ್ಟ್ರೂನ್’ ಎಂಬ ವಿಶೇಷಣವಾಗಲಿ ಬಂದಾಗ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ಚೆಲ್ಲು, ಎರಚು, ಹರಡು, ಚದುರಿಸು ಎಂದು ನಾಲ್ಕಾರು ಅರ್ಥಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಅವನು ಮೊದಲನೆಯದನ್ನು ಬರೆದುಕೊಂಡು ಮುಂದೆ ಸಾಗುತ್ತಾನೆ. ನಿಘಂಟು ತಪ್ಪು ಹೇಳಿಲ್ಲ. ಆದರೆ ಯಾವ ಅರ್ಥವನ್ನು ಎಲ್ಲಿ ಬಳಸಬೇಕೆಂಬುದನ್ನು ಅದು ಹೇಳಿಯೂ ಇಲ್ಲ. ಚೆಲ್ಲಿದ್ದು ಏನು, ಚೆಲ್ಲಿದವರು ಯಾರು, ಬೇಕೆಂದೇ ಚೆಲ್ಲಿದರೋ ಕೈತಪ್ಪಿ ಚೆಲ್ಲಿತೋ ಎಂಬುದನ್ನು ವಿಚಾರಿಸದೆ ಪದವನ್ನು ಆರಿಸಲಾಗದು.

‘ಸ್ಟ್ರೂ’ ಬಹು ಹಳೆಯ ಪದ. ಹುಲ್ಲು ಎಂಬರ್ಥದ ‘ಸ್ಟ್ರಾ’ ಅದರ ಒಡಹುಟ್ಟು; ನೆಲದ ಮೇಲೆ ಹರಡಲಾದದ್ದೇ ‘ಸ್ಟ್ರಾ’. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಗಳ ಮತ್ತು ಚರ್ಚುಗಳ ನೆಲದ ಮೇಲೆ ಹುಲ್ಲನ್ನೋ ಜೊಂಡನ್ನೋ ಹಾಸುತ್ತಿದ್ದರು. ಚಳಿಗೆ ಅದು ಬೆಚ್ಚಗಿರುತ್ತಿತ್ತು. ಸುವಾಸನೆಗಾಗಿ ಅದರ ನಡುವೆ ಗಿಡಮೂಲಿಕೆಗಳನ್ನೂ ಉದುರಿಸುತ್ತಿದ್ದರು. ಆ ದೇಶದ ವಾಯವ್ಯ ಭಾಗದ ಗ್ರಾಸ್ಮಿಯರ್, ಆಂಬಲ್‌ಸೈಡ್ ಎಂಬ ಊರುಗಳಲ್ಲಿ ವರ್ಷಕ್ಕೊಮ್ಮೆ ಜೊಂಡನ್ನು ಮೆರವಣಿಗೆಯಲ್ಲಿ ಚರ್ಚಿಗೆ ಒಯ್ಯುವ ಪದ್ಧತಿ ಇಂದಿಗೂ ಉಳಿದಿದೆ. 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆಗೆ ಪಟ್ಟಾಭಿಷೇಕವಾದಾಗ ಅವನ ಮುಂದೆ ಹೂಗಳನ್ನೂ ಸುವಾಸನೆಯ ಎಲೆಗಳನ್ನೂ ಚೆಲ್ಲುತ್ತ ನಡೆಯಲು ಹೆಂಗಳೆಯರು ನೇಮಕವಾಗಿದ್ದರು. ಹೀಗೆ ಈ ಪದದ ಬೇರಿನಲ್ಲಿ ಅವ್ಯವಸ್ಥೆಯಿಲ್ಲ. ನೆಲವನ್ನು ಸಜ್ಜುಗೊಳಿಸುವ ಕೈಯಿದೆ.

ಇಂದಿನ ಬಳಕೆಯಲ್ಲಿ ‘ಸ್ಟ್ರೂನ್’ ಎಂಬ ರೂಪವೇ ಹೆಚ್ಚು. ಅದು ಬಹುಮಟ್ಟಿಗೆ ಸ್ಥಳವನ್ನು ಬಣ್ಣಿಸುತ್ತದೆ. ಹೂಗಳಿಂದ ‘ಸ್ಟ್ರೂನ್’ ಆದದ್ದು ದಾರಿ, ಕಾಗದಗಳಿಂದ ‘ಸ್ಟ್ರೂನ್’ ಆದದ್ದು ಮೇಜು. ಕನ್ನಡವು ಇದನ್ನು ಹೇಳುವ ಬಗೆಯೇ ಬೇರೆ: ದಾರಿಯ ತುಂಬ ಹೂ ಚೆಲ್ಲಿತ್ತು, ಮೇಜಿನ ತುಂಬ ಕಾಗದ ಹರಡಿತ್ತು. ‘ತುಂಬ’ ಎಂಬ ಸಣ್ಣ ಮಾತು ಇಲ್ಲಿ ಇಡೀ ವಿಶೇಷಣದ ಕೆಲಸವನ್ನು ಮಾಡುತ್ತದೆ. ‘ಹೂಗಳಿಂದ ಚೆಲ್ಲಲ್ಪಟ್ಟ ದಾರಿ’ ಎಂದು ಬರೆದರೆ ವ್ಯಾಕರಣ ಸುಮ್ಮನಿದ್ದರೂ ಕಿವಿ ಒಪ್ಪುವುದಿಲ್ಲ. ಕಷ್ಟದ ಬಾಳನ್ನು ಇಂಗ್ಲಿಷರು ಮುಳ್ಳುಗಳು ‘ಸ್ಟ್ರೂನ್’ ಆದ ಹಾದಿ ಎಂದರೆ, ಕನ್ನಡಿಗರು ಮುಳ್ಳಿನ ಹಾದಿ ಎಂದಷ್ಟೇ ಹೇಳಿ ಮುಗಿಸುತ್ತಾರೆ.

ಇದರ ಸಮಾನಾರ್ಥಕಗಳಲ್ಲಿ ‘ಲಿಟರ್’ ಎಂಬುದರ ಕಥೆ ವಿಚಿತ್ರವಾಗಿದೆ. ಹಾಸಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿ, ಫ್ರೆಂಚಿನ ಮೂಲಕ ಬಂದ ಈ ಪದ ಒಂದು ಕಾಲಕ್ಕೆ ದನಕುದುರೆಗಳಿಗೆ ಹಾಸುವ ಹುಲ್ಲನ್ನು ಸೂಚಿಸುತ್ತಿತ್ತು. ಕೊಟ್ಟಿಗೆಯ ಹುಲ್ಲು ಕೊಳೆಯಾಗುವುದು ಸಹಜವಷ್ಟೆ! ಅರ್ಥವೂ ಅದರೊಡನೆ ಜಾರಿ, ಈಗ ‘ಲಿಟರ್’ ಎಂದರೆ ಬೀದಿಯಲ್ಲಿ ಎಸೆದ ಕಸ. ಆದುದರಿಂದ ದೇವರ ಮುಂದೆ ಹೂ ‘ಸ್ಟ್ರೂನ್’ ಆಗಿರಬಹುದು, ‘ಲಿಟರ್ಡ್’ ಆಗಿರಕೂಡದು. ‘ಸ್ಪ್ರಿಂಕಲ್’ ಎಂಬುದು ಸ್ವಲ್ಪ ನೀರನ್ನೋ ಉಪ್ಪನ್ನೋ ಬೇಕೆಂದೇ ಚಿಮುಕಿಸುವುದು. ‘ಡಿಸ್ಪರ್ಸ್’ ಎಂಬುದು ಕೂಡಿದ್ದನ್ನು ಬೇರೆಬೇರೆ ದಿಕ್ಕಿಗೆ ಕಳುಹಿಸುವುದು. ಪೊಲೀಸರು ಗುಂಪನ್ನು ಚದುರಿಸಿದರೆಂಬ ವಾರ್ತೆಯಲ್ಲಿ ಕಾಣುವ ಪದವಿದು. ‘ಸ್ಕ್ಯಾಟರ್’ ಎಂಬುದನ್ನು ಒಡೆದು ಚೂರಾಗು ಎಂಬರ್ಥದ ‘ಶ್ಯಾಟರ್’ ಪದದ ಬಂಧುವೆಂದು ನಿಘಂಟುಕಾರರು ಎಣಿಸುತ್ತಾರೆ. ಅದರಲ್ಲಿ ಬಿಡಿಬಿಡಿಯಾಗಿ ಬೀಳುವ, ನಡುವೆ ತೆರಪು ಉಳಿಯುವ ಭಾವ ಎದ್ದು ಕಾಣುತ್ತದೆ.

ಕನ್ನಡವು ಈ ವಿಷಯದಲ್ಲಿ ಬಡವಲ್ಲ. ಬೇಸಾಯದ ನಾಡಿನ ಭಾಷೆಗೆ ಕಾಳಿನೊಡನೆ ನಿತ್ಯದ ಒಡನಾಟ. ಹೊಲದಲ್ಲಿ ಬೀಜವನ್ನು ಬಿತ್ತುವುದು, ಗೊಬ್ಬರವನ್ನು ಎರಚುವುದು, ಕಣದಲ್ಲಿ ಗಾಳಿಗೆ ತೂರುವುದು, ಬಿಸಿಲಿನಲ್ಲಿ ಹರವುವುದು – ಇವು ನಾಲ್ಕು ಬೇರೆ ಕೆಲಸಗಳು, ನಾಲ್ಕು ಬೇರೆ ಪದಗಳು. ಸಾರಿನ ಮೇಲೆ ಕೊತ್ತಂಬರಿ ಸೊಪ್ಪನ್ನು ಉದುರಿಸುತ್ತಾರೆ. ಕೋಳಿ ತಿಪ್ಪೆಯನ್ನು ಕೆದರುತ್ತದೆ. ಯಾರ ಇಚ್ಛೆಯೂ ಇಲ್ಲದೆ ವಸ್ತುಗಳು ಎಲ್ಲೆಂದರಲ್ಲಿ ಬಿದ್ದಿದ್ದರೆ ಅದಕ್ಕೆ ಚೆಲ್ಲಾಪಿಲ್ಲಿ ಎಂಬ ಸೊಗಸಾದ ಜೋಡುನುಡಿಯಿದೆ. ‘ಚೆಲ್ಲು’ ಪದವಂತೂ ಎರಡು ಮುಖದ್ದು: ಬೆಳದಿಂಗಳು ಚೆಲ್ಲಿದರೆ ಸೊಬಗು, ಹಾಲು ಚೆಲ್ಲಿದರೆ ನಷ್ಟ.

ಮದುವೆಯಲ್ಲಿ ವಧೂವರರ ಮೇಲೆ ಬೀಳುವ ಅಕ್ಷತೆಯನ್ನು ಗಮನಿಸಬೇಕು. ಅಕ್ಕಿಯ ಕಾಳುಗಳು ಚದುರಿ ಬೀಳುವುದು ಕಣ್ಣಿಗೆ ಕಾಣುತ್ತದೆ. ಆದರೂ ಅಕ್ಷತೆಯನ್ನು ಚೆಲ್ಲಿದರು, ಎರಚಿದರು ಎಂದು ಯಾರೂ ಹೇಳುವುದಿಲ್ಲ. ಅಕ್ಷತೆ ‘ಹಾಕಿದರು’ ಎನ್ನುತ್ತಾರೆ. ಇಂಗ್ಲಿಷ್ ಕಥೆಯೊಂದರಲ್ಲಿ ಬರುವ ಭಾರತೀಯ ಮದುವೆಯನ್ನು ನಿಘಂಟಿನ ಬಲದಿಂದಲೇ ಅನುವಾದಿಸಿ ‘ಹಿರಿಯರು ಅಕ್ಕಿಯನ್ನು ಚೆಲ್ಲಿದರು’ ಎಂದು ಬರೆದರೆ ಹರಕೆಯು ದುಂದಾಗಿಬಿಡುತ್ತದೆ.

ಇಷ್ಟಾದರೆ ನಕ್ಕು ಸುಮ್ಮನಾಗಬಹುದು. ಕೆಲವೆಡೆ ತಪ್ಪಿನ ಬೆಲೆ ಹೆಚ್ಚು. ಭಾರತೀಯ ಹವಾಮಾನ ಇಲಾಖೆಯ ಇಂಗ್ಲಿಷ್ ಮುನ್ಸೂಚನೆಯಲ್ಲಿ ‘ಸ್ಕ್ಯಾಟರ್ಡ್’ ಎಂಬುದಕ್ಕೆ ಗೊತ್ತಾದ ಅಳತೆಯಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಾತ್ರ ಮಳೆಯಾದರೆ ‘ಐಸೊಲೇಟೆಡ್’, 26ರಿಂದ 50ರವರೆಗಾದರೆ ‘ಸ್ಕ್ಯಾಟರ್ಡ್’, 51ರಿಂದ 75ರವರೆಗೆ ‘ಫೇರ್ಲಿ ವೈಡ್‌ಸ್ಪ್ರೆಡ್’, ಅದಕ್ಕೂ ಮೀರಿದರೆ ‘ವೈಡ್‌ಸ್ಪ್ರೆಡ್’. ಈ ಪದಗಳು ಮಳೆ ಎಷ್ಟು ಕಡೆ ಬೀಳುವುದೆಂಬುದನ್ನು ಹೇಳುತ್ತವೆಯೇ ಹೊರತು ಎಷ್ಟು ಜೋರಾಗಿ ಬೀಳುವುದೆಂಬುದನ್ನಲ್ಲ. ಇದನ್ನು ‘ಚದುರಿದ ಮಳೆ’ ಎಂದು ಕನ್ನಡಿಸಿದರೆ ಕೇಳಿದವರ ಮನಸ್ಸಿಗೆ ಬರುವುದು ನಾಲ್ಕು ಹನಿಯ ತುಂತುರು. ಕಿತ್ತ ಕಡಲೆಕಾಯಿಯನ್ನು ಹೊಲದಲ್ಲೇ ಒಣಗಲು ಬಿಟ್ಟ ರೈತನು ತುಂತುರಿಗೆ ಅಂಜದೆ ಮನೆಗೆ ಹೋಗುತ್ತಾನೆ. ಆ ರಾತ್ರಿ ಅವನ ಹೊಲವಿರುವ ಕಡೆಯೇ ಧಾರಾಕಾರವಾಗಿ ಸುರಿಯಬಹುದು. ‘ಕೆಲವೆಡೆ ಮಳೆ’ ಎಂಬ ಸರಳ ಮಾತು ಇಲ್ಲಿ ಹೆಚ್ಚು ನಂಬಿಕೆಗೆ ತಕ್ಕದ್ದು.

ವಿಜ್ಞಾನದಲ್ಲಿಯೂ ಇಂಥದೇ ಎಚ್ಚರ ಬೇಕು. ನಿಘಂಟಿನಲ್ಲಿ ‘ಸ್ಕ್ಯಾಟರ್’ ಮತ್ತು ‘ಡಿಸ್ಪರ್ಸ್’ ನೆರೆಹೊರೆಯವು. ಭೌತವಿಜ್ಞಾನದಲ್ಲಿ ಅವೆರಡೂ ಬೇರೆ. ಪಟ್ಟಕದ ಮೂಲಕ ಹಾದ ಬಿಳಿಯ ಬೆಳಕು ಏಳು ಬಣ್ಣಗಳಾಗಿ ಬಿಡಿಸಿಕೊಳ್ಳುವುದು ವರ್ಣವಿಭಜನೆ. ಗಾಳಿಯ ಅಣುಗಳಿಗೆ ತಾಗಿದ ಬೆಳಕು ಎಲ್ಲ ದಿಕ್ಕಿಗೂ ಹೋಗುವುದು ಚದುರುವಿಕೆ. ಆಕಾಶ ನೀಲಿಯಾಗಿ ಕಾಣುವುದು ಇದರಿಂದಲೇ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರು ಕಂಡುಹಿಡಿದ ಪರಿಣಾಮವು ಈ ಎರಡನೆಯದಕ್ಕೆ ಸೇರಿದ್ದು.

ಮತ್ತೆ ‘ಸ್ಟ್ರೂ’ ಪದಕ್ಕೆ ಬರುವುದಾದರೆ, ಅದು ಕನ್ನಡಿಗರಿಗೆ ತೀರ ಹೊರಗಿನದಲ್ಲ. ಹರಡು, ಹಾಸು ಎಂಬರ್ಥದ ಸಂಸ್ಕೃತದ ‘ಸ್ತೃ’ ಧಾತುವಿಗೂ ಅದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹೋಮಾಗ್ನಿಯ ಸುತ್ತಲೂ ದರ್ಭೆಯನ್ನು ಹಾಸುವುದಕ್ಕೆ ‘ಪರಿಸ್ತರಣ’ ಎಂದು ಹೆಸರು, ಇಲ್ಲಿಯೂ ಹುಲ್ಲೇ! ಪದರ ಎಂಬರ್ಥದ ‘ಸ್ತರ’, ಹರವು ಎಂಬರ್ಥದ ‘ವಿಸ್ತಾರ’, ಛಂದಸ್ಸಿನ ಪಾಠದಲ್ಲಿ ಲಘುಗುರುಗಳನ್ನು ಗುರುತಿಸಿ ಹಾಕುವ ‘ಪ್ರಸ್ತಾರ’ ಇವೆಲ್ಲ ಅದೇ ಧಾತುವಿನಿಂದ ಬಂದವು. ‘ವಿಸ್ತಾರ’ದ ತದ್ಭವವೇ ‘ಬಿತ್ತರ’.

ಬೀಜವನ್ನು ಕೈಯಿಂದ ಹೊಲದಗಲಕ್ಕೂ ಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ರಾಡ್‌ಕಾಸ್ಟ್’ ಎನ್ನುತ್ತಿದ್ದರು. ಕನ್ನಡದಲ್ಲಿ ಅದು ಚೆಲ್ಲು ಬಿತ್ತನೆ. 1920ರ ದಶಕದಲ್ಲಿ ರೇಡಿಯೊ ಬಂದಾಗ ಮಾತನ್ನು ಎಲ್ಲ ದಿಕ್ಕಿಗೂ ಕಳುಹಿಸುವುದಕ್ಕೆ ರೈತನ ಆ ಪದವನ್ನೇ ಎರವು ಪಡೆದರು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು; ಇಂಥ ಕೇಂದ್ರಗಳು ಮಾಡುವ ಕೆಲಸವನ್ನು ಕನ್ನಡಿಗರು ಪ್ರಸಾರವೆಂದೂ ಬಿತ್ತರವೆಂದೂ ಕರೆಯುತ್ತಾರೆ. ‘ಬಿತ್ತರ’ವನ್ನು ಕೇಳಿದ ಹಳ್ಳಿಯ ಕಿವಿಗೆ ‘ಬಿತ್ತು’ ನೆನಪಾಗುವುದು ಸಹಜ. ಆದರೆ ಬಿತ್ತು ಎಂಬುದು ತಮಿಳು ತೆಲುಗುಗಳ ‘ವಿತ್ತು’ವಿನೊಡನೆ ಸೇರಿದ ಅಚ್ಚ ದ್ರಾವಿಡ ಪದ. ‘ಬಿತ್ತರ’ದ ನೆಂಟಸ್ತಿಕೆ ಅದರೊಡನೆ ಇಲ್ಲ, ಇಂಗ್ಲೆಂಡಿನ ಚರ್ಚಿನ ನೆಲದ ಮೇಲೆ ಹರಡಿದ ಹುಲ್ಲಿನೊಡನೆ ಇದೆ.