ಸೌದೆ ಮತ್ತು ತೊಲೆ

ನಾಚಾರಂಗೆ ಬಂದು ನೆಲೆಸಿದ ನಾವು ಜೋಳದ ರೊಟ್ಟಿಯನ್ನಾಗಲಿ, ಅಗಸಿ ಚಟ್ನಿಪುಡಿಯನ್ನಾಗಲಿ ಬಿಟ್ಟವರಲ್ಲ. ಆದರೆ ನಮ್ಮ ಮನೆಗಳ ಹಿರಿಯರು “ಎಣ್ಣೆ ಬೇಡ, ಬೇಳೆ ಅರಗದು” ಎಂದು ಬರಿಯ ಗಂಜಿಗೆ ಇಳಿಯುತ್ತಾರೆ; ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾರೆ. ಕಾರಣವೇನು?

ನಮ್ಮ ಸ್ನಾಯುಗಳನ್ನು ಕಟ್ಟುವುದು ಅಮೈನೊ ಆಮ್ಲಗಳು. ಸೌದೆ ತೀರಿದ ಮನೆಯವರು ತೊಲೆಯನ್ನೇ ಒಲೆಗಿಟ್ಟಂತೆ, ಊಟ ಸಾಲದಾದಾಗ ದೇಹವು ಅವನ್ನೂ ಉರಿಸುತ್ತದೆ. ಕೊಬ್ಬಿನ ಆಮ್ಲಗಳು ಸೌದೆಯಾಗಿ ಒದಗಿದರೆ ಸ್ನಾಯು ಅಷ್ಟು ಉಳಿಯುತ್ತದೆ. ಆದರೆ ಸೌದೆಯಿಂದ ತೊಲೆಯಾಗದು. ಅದಕ್ಕೆ ಬೇಳೆ, ಹಾಲು, ಮೊಸರೇ ಬೇಕು.

ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೇರಳ. ನೆರೆಯ ತಾರ್ನಾಕದ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯನ್ನು ಬೆಳೆಸಿದ ಡಾ. ಸಿ. ಗೋಪಾಲನ್ ಅವರು 1960ರಲ್ಲೇ ಇದರತ್ತ ಗಮನ ಸೆಳೆದರು. ಕಡಿಮೆಯಿರುವ ಲೈಸಿನ್ನನ್ನು ತೊಗರಿಬೇಳೆ ತುಂಬುತ್ತದೆ.

2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, 8 ವಾರ ಮೀನೆಣ್ಣೆಯ ಕೊಬ್ಬು ಪಡೆದ ವೃದ್ಧರ ಸ್ನಾಯುಗಳು, ಅಮೈನೊ ಆಮ್ಲ ಒದಗಿಸಿದಾಗ ಮೊದಲಿಗಿಂತ ಚುರುಕಾಗಿ ಪ್ರೋಟೀನು ಕಟ್ಟಿದವು. ಅಗಸಿಯ ಕೊಬ್ಬೂ ಅದೇ ಕುಲದ್ದು. ಆದರೆ ದೇಹದಲ್ಲಿ ಅದು ಮೀನೆಣ್ಣೆಯ ಕೊಬ್ಬಾಗಿ ಮಾರ್ಪಡುವುದು ಅತ್ಯಲ್ಪ.

ಆದುದರಿಂದ ವೈದ್ಯರು ಪಥ್ಯ ವಿಧಿಸದಿದ್ದಲ್ಲಿ, ಅಜ್ಜಿಯ ತಟ್ಟೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಬೇಳೆಯೂ ಇರಲಿ, ಎಣ್ಣೆ ಕಲಸಿದ ಅಗಸಿ ಚಟ್ನಿಯೂ ಇರಲಿ.